ದಾರ ಓರೆಯಾಗುವುದಿಲ್ಲ

ಕಟ್ಟಡಗಳ ಫೋಟೋ ತೆಗೆಯುವ ಕೆಲಸಕ್ಕೆ ಬರುತ್ತೇವೆ ಎನ್ನುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಇದು. ಯಾರಾದರೂ ‘ಇಲ್ಲಿ ನಿಂತು ತೆಗೀರಿ’ ಎಂದು ಜಾಗ ತೋರಿಸಿದರೆ, ಆ ಜಾಗ ಬಿಟ್ಟು ಉಳಿದ ಕಡೆಯೆಲ್ಲ ಒಂದು ಸುತ್ತು ಹಾಕಿ ಬನ್ನಿ. ಅವರು ತೋರಿಸದ ಕಡೆಯಲ್ಲೇ ಏನೋ ಇರುತ್ತದೆ. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ತರಕಾರಿಯವನು ಪ್ರೀತಿಯಿಂದ ಒಂದು ಟೊಮೆಟೊ ಹೆಚ್ಚಿಗೆ ಹಾಕಿದರೂ ನಾನು ಅದನ್ನು ತಿರುಗಿಸಿ ನೋಡುತ್ತೇನಂತೆ. ನೋಡುತ್ತೇನೆ, ಸುಳ್ಳೇಕೆ ಹೇಳಲಿ? ಹೆಚ್ಚಿಗೆ ಹಾಕಿದ್ದು ಎಷ್ಟೋ ಸಲ ಕೊಳೆತದ್ದೇ ಆಗಿರುತ್ತದೆ.

ನಮ್ಮದು ಹುಮನಾಬಾದ್ ಕಡೆಯ ಮನೆತನ. ಅಪ್ಪ ಬಟ್ಟೆ ಅಂಗಡಿಯ ಗುಮಾಸ್ತನಾಗಿ ಹೈದರಾಬಾದಿಗೆ ಬಂದವನು, ನಾನು ಇಲ್ಲೇ ಬೆಳೆದೆ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತೆಲುಗು, ಬಜಾರದಲ್ಲಿ ಹಿಂದಿ. ಓದು ತಲೆಗೆ ಹತ್ತದಿದ್ದಾಗ ಅಪ್ಪ ನನ್ನನ್ನು ಆಬಿಡ್ಸ್‌ನ ಒಂದು ಸ್ಟುಡಿಯೋಕ್ಕೆ ಸೇರಿಸಿದ. ಅದರ ಯಜಮಾನರು ಕರೀಮ್ ಸಾಹೇಬರು. ಊರಿನ ಬೇರೆ ಸ್ಟುಡಿಯೋದವರೆಲ್ಲ ಮದುವೆಗಳ ಹಿಂದೆ ಬಿದ್ದಿದ್ದರೆ, ಸಾಹೇಬರಿಗೆ ಮನುಷ್ಯರ ಫೋಟೋ ಎಂದರೆ ಆಗದು. ಮನುಷ್ಯ ಕಣ್ಣು ಮುಚ್ಚುತ್ತಾನೆ, ಕಟ್ಟಡ ಮುಚ್ಚುವುದಿಲ್ಲ ಎನ್ನುತ್ತಿದ್ದರು. ನವಾಬರ ಕಾಲದ ದೇವಡಿ ಬಂಗಲೆಗಳು, ಬ್ಯಾಂಕುಗಳು, ಸಿನಿಮಾ ಟಾಕೀಸುಗಳು, ಹೊಸ ಆಸ್ಪತ್ರೆಗಳು, ಇವು ಅವರ ಗಿರಾಕಿಗಳು.

ಆಗ ನಮ್ಮ ಕೈಯಲ್ಲಿದ್ದುದು ಮರದ ದೊಡ್ಡ ಕ್ಯಾಮೆರಾ. ತಲೆಯ ಮೇಲೆ ಕರಿಬಟ್ಟೆ ಹೊದ್ದು ಹಿಂದಿನ ಗಾಜಿನಲ್ಲಿ ನೋಡಿದರೆ ಇಡೀ ಕಟ್ಟಡ ತಲೆಕೆಳಗಾಗಿ ಕಾಣಿಸುತ್ತಿತ್ತು. ಎತ್ತರದ ಕಟ್ಟಡದ ತುದಿ ಗಾಜಿನಲ್ಲಿ ಹಿಡಿಯದಿದ್ದಾಗ ನಾನು ಮೊದಮೊದಲು ಎಲ್ಲರಂತೆ ಕ್ಯಾಮೆರಾದ ಮೂತಿಯನ್ನೇ ಮೇಲೆತ್ತುತ್ತಿದ್ದೆ. ಸಾಹೇಬರು ಹಿಂದಿನಿಂದ ಬಂದು ನನ್ನ ತಲೆಗೆ ಒಂದು ಮೊಟಕಿ, ‘ತೂ ಸಿರ್ ಉಠಾಯಾ ತೋ ಘರ್ ಪೀಛೆ ಗಿರ್ತಾ, ಮಿಯಾ’ ಎನ್ನುತ್ತಿದ್ದರು. ನೀನು ತಲೆ ಎತ್ತಿದರೆ ಮನೆ ಹಿಂದಕ್ಕೆ ಬೀಳುತ್ತದೆ. ಮಾತು ಅಕ್ಷರಶಃ ನಿಜ. ಕ್ಯಾಮೆರಾ ಮೇಲಕ್ಕೆ ನೋಡಿದರೆ ಫೋಟೋದಲ್ಲಿ ಗೋಡೆಗಳು ತುದಿಯಲ್ಲಿ ಒಂದರ ಕಡೆ ಒಂದು ವಾಲಿಕೊಂಡು, ಕಟ್ಟಡ ಅಂಗಾತ ಬೀಳುವಂತೆ ಕಾಣುತ್ತದೆ. ಕ್ಯಾಮೆರಾವನ್ನು ನೆಟ್ಟಗೆ ಇಟ್ಟು ಲೆನ್ಸ್ ಒಂದನ್ನೇ ಮೇಲಕ್ಕೆ ಸರಿಸಬೇಕು. ಗೋಡೆ ನೆಟ್ಟಗೆ ನಿಲ್ಲಬೇಕು. ನಮ್ಮ ಕಸುಬಿನ ಮೊದಲ ಪಾಠವೂ ಕೊನೆಯ ಪಾಠವೂ ಅದೇ ಎಂದು ನಾನು ಬಹಳ ಕಾಲ ನಂಬಿದ್ದೆ.

ಸಾಹೇಬರು ಕೊನೆಯವರೆಗೂ ನನ್ನನ್ನು ನಂಬಲಿಲ್ಲ. ನಾನು ಎಲ್ಲ ಸರಿಮಾಡಿ ಇಟ್ಟ ಮೇಲೆ ಜೇಬಿನಿಂದ ತಮ್ಮದೇ ಸಣ್ಣ ಮಟ್ಟಗೋಲು ತೆಗೆದು ಕ್ಯಾಮೆರಾದ ಮೇಲಿಟ್ಟು, ಒಳಗಿನ ಗುಳ್ಳೆ ನಡುವೆ ನಿಂತಿತೇ ಎಂದು ನೋಡಿಯೇ ಬಿಡುತ್ತಿದ್ದರು. ಆಗ ಅವರ ಮೇಲೆ ಉರಿ ಹತ್ತುತ್ತಿತ್ತು. ಆಮೇಲೆ ನಾನೂ ಹಾಗೆಯೇ ಆದೆ.

ಸಂಶಯ ಕಲಿಸಲು ಈ ಊರಿನಲ್ಲಿ ಗುರುಗಳಿಗೇನೂ ಬರವಿಲ್ಲ. ಒಬ್ಬ ಬಿಲ್ಡರ್ ಮಿಯಾಪುರದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿ ಮಾದರಿ ಮನೆಯೊಂದನ್ನು ಸಿಂಗರಿಸಿ ನನ್ನನ್ನು ಕರೆಸಿದ. ಮಲಗುವ ಕೋಣೆ ಕ್ಯಾಮೆರಾದಲ್ಲಿ ಅರಮನೆಯಂತೆ ಕಾಣುತ್ತಿತ್ತು, ಬರಿಗಣ್ಣಿಗೆ ಹಾಗೆ ಕಾಣುತ್ತಿರಲಿಲ್ಲ. ಅವನ ಮನುಷ್ಯ ಫೋನಿನಲ್ಲಿ ಮಾತಾಡಲು ಹೊರಗೆ ಹೋದಾಗ ನಾನು ಮಂಚದ ಮೇಲೆ ಮಲಗಿ ನೋಡಿದೆ. ಕಾಲು ಅರ್ಧ ಹೊರಗೆ! ಮಂಚ, ಕುರ್ಚಿ, ಕಪಾಟು ಎಲ್ಲವನ್ನೂ ಅಳತೆಗಿಂತ ಚಿಕ್ಕದಾಗಿ ಮಾಡಿಸಿದ್ದರು. ನಾನು ನನ್ನ ಚಪ್ಪಲಿ ಜೋಡಿಯನ್ನು ಮಂಚದ ಬುಡದಲ್ಲಿ ಬಿಟ್ಟು ಕ್ಯಾಮೆರಾ ಹಿಂದೆ ನಿಂತೆ. ಚಪ್ಪಲಿ ಪಕ್ಕದಲ್ಲಿ ಮಂಚ ತೊಟ್ಟಿಲಂತೆ ಕಂಡಿತು. ಒಳಗೆ ಬಂದ ಆ ಮನುಷ್ಯ ಚಪ್ಪಲಿ ತೆಗೆಯಲು ಹೇಳಿದ. ಯಾಕೆ ಎಂದು ಕೇಳಿದೆ. ಅವನು ಮತ್ತೆಂದೂ ನನ್ನನ್ನು ಕರೆಯಲಿಲ್ಲ.

ಇದನ್ನೇ ಹೇಳಿ ನಿಲ್ಲಿಸಿದರೆ ನಾನು ಬಹಳ ಜಾಣನೆಂದು ನೀವು ತಿಳಿಯುತ್ತೀರಿ. ಅದಕ್ಕೆ ಜೀಡಿಮೆಟ್ಲಾದ ಕಥೆಯನ್ನೂ ಹೇಳಬೇಕು. ಅಲ್ಲಿ ಒಂದು ಔಷಧ ಕಾರ್ಖಾನೆಯ ಹೊಸ ಆಫೀಸು ಕಟ್ಟಡ. ಮ್ಯಾನೇಜರು ಮುಂಭಾಗವನ್ನೆಲ್ಲ ತೋರಿಸಿ, ಹಿಂದೆ ಮಾತ್ರ ಹೋಗಬೇಡಿ, ಜೇನು ಕಟ್ಟಿದೆ ಎಂದ. ಜೇನಂತೆ ಜೇನು! ಕಾರ್ಖಾನೆಯ ಹೊಲಸು ನೀರನ್ನು ಎಲ್ಲೋ ಹರಿಯಬಿಟ್ಟು ನನಗೆ ಜೇನಿನ ಕಥೆ ಹೇಳುತ್ತಾನೆ ಎಂದುಕೊಂಡೆ. ಬೆಳಕು ನೋಡುವ ನೆಪ ಮಾಡಿ ಹಿಂದೆ ಹೋದೆ. ಮೂರನೇ ಮಹಡಿಯ ಸಜ್ಜೆಯ ಕೆಳಗೆ ಎಮ್ಮೆಯ ತಲೆಯಷ್ಟು ದೊಡ್ಡ ಹೆಜ್ಜೇನು. ಮನೆಗೆ ಬಂದಾಗ ನನ್ನ ತುಟಿ ಎಷ್ಟು ಊದಿತ್ತೆಂದರೆ, ಹೆಂಡತಿ ಬಾಗಿಲು ತೆರೆದು ಯಾರು ಬೇಕಾಗಿತ್ತು ಎಂದು ಕೇಳಿದಳು. ಆಮೇಲೆ ವಿಷಯ ತಿಳಿದು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಕಾಲ ಬದಲಾಯಿತು. ಮರದ ಕ್ಯಾಮೆರಾ ಹೋಯಿತು, ಫಿಲ್ಮ್ ಹೋಯಿತು, ಸಾಹೇಬರೂ ಹೋದರು. ಲೆನ್ಸ್ ಸರಿಸುವ ಕೆಲಸವನ್ನು ಕಂಪ್ಯೂಟರೇ ಮಾಡತೊಡಗಿತು. ಓರೆಯಾದ ಗೋಡೆಗಳನ್ನು ಅದೇ ಹುಡುಕಿ ನೆಟ್ಟಗೆ ನಿಲ್ಲಿಸುತ್ತದೆ. ಸಾಹೇಬರಿಂದ ಅಷ್ಟು ಮೊಟಕು ತಿಂದು ಕಲಿತದ್ದು ಈಗ ಒಂದು ಗುಂಡಿ ಒತ್ತಿದರೆ ಆಗುತ್ತದೆಯಲ್ಲ ಎಂದು ಹೊಟ್ಟೆಕಿಚ್ಚಾಯಿತು. ಆದರೂ ಬೆನ್ನುನೋವು ಶುರುವಾದ ಮೇಲೆ ನಾನೂ ಆ ಗುಂಡಿಗೆ ಶರಣಾದೆ. ಪ್ರತಿ ಸಲ ಒತ್ತುವುದೂ ಬೇಸರವಾಗಿ, ಕ್ಯಾಮೆರಾದಿಂದ ಕಂಪ್ಯೂಟರಿಗೆ ಬರುವ ಎಲ್ಲ ಫೋಟೋಗಳೂ ತಾವಾಗಿಯೇ ನೆಟ್ಟಗಾಗುವಂತೆ ಮಾಡಿಟ್ಟೆ. ಇದನ್ನು ನೆನಪಿಡಿ.

ನಾಂಪಲ್ಲಿ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ನೀಲಮ್ಮನ ಖಾನಾವಳಿ ಇದೆ. ಸೇಡಂ ಕಡೆಯ ಹೆಂಗಸು, ಗಂಡ ತೀರಿದ ಮೇಲೆ ಖಾನಾವಳಿ ಹಾಕಿ ಈ ಊರಿನಲ್ಲಿ ಕಾಲೂರಿದವಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಸರ್ಕಾರಿ ಕಚೇರಿಗಳ ನಮ್ಮ ಕಡೆಯ ನೌಕರರು, ಕಲಬುರಗಿ ಯಾದಗಿರಿಗಳಿಂದ ಕಟ್ಟಡ ಕೆಲಸಕ್ಕೆ ಬಂದವರು, ಎಲ್ಲರೂ ಅಲ್ಲೇ ಉಣ್ಣುವುದು. ಕಲ್ಲು ಗಚ್ಚಿನ ಹಳೆಯ ಮನೆ, ಮುಂದೆ ಕಮಾನಿನ ಬಾಗಿಲು. ಹಿಂಭಾಗದ ಕೋಣೆಗಳಲ್ಲಿ ಕೆಲಸಗಾರರ ನಾಲ್ಕಾರು ಸಂಸಾರಗಳು ಬಾಡಿಗೆಗಿದ್ದವು. ಹಿತ್ತಿಲ ಗೋಡೆಗೆ ತಗಡು ಇಳಿಸಿ, ಅದರ ನೆರಳಿನಲ್ಲಿ ಸೀರೆಯ ಜೋಲಿ ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದರು.

ನಾನು ಕೆಲಸ ಬಿಡಬೇಕೆಂದಿದ್ದ ವರ್ಷ ಮನೆಯ ಹಳೇ ಮಾಲೀಕರು ತೀರಿಹೋದರು. ಮನೆ ಅವರ ಅಣ್ಣನ ಮಗನ ಕೈಗೆ ಬಂತು. ಅವನಿಗೆ ಅದನ್ನು ಕೆಡವಿ ಜಾಗ ಮಾರುವ ಅವಸರ. ಕೆಲವೇ ದಿನಗಳಲ್ಲಿ ಬಾಗಿಲಿಗೆ ಪಾಲಿಕೆಯ ನೋಟೀಸು ಬಿತ್ತು. ಕಟ್ಟಡ ವಾಲಿದೆ, ಅಪಾಯ ಎಂದು ದೂರು ಬಂದಿದೆ, ತಪಾಸಣೆಯಾಗಿ ನಿಜವೆಂದು ಕಂಡರೆ ಎಲ್ಲರೂ ಖಾಲಿ ಮಾಡಬೇಕು. ದೂರಿನ ಜೊತೆ ಅಣ್ಣನ ಮಗ ಕೊಟ್ಟಿದ್ದ ಫೋಟೋದ ನಕಲನ್ನೂ ಅಂಟಿಸಿದ್ದರು.

ಊಟಕ್ಕೆ ಹೋದವನು ಆ ಫೋಟೋ ನೋಡಿ ನಕ್ಕೇ ಬಿಟ್ಟೆ. ಗೇಟಿನ ಹತ್ತಿರವೇ ನಿಂತು, ಫೋನಿನ ಮೂತಿ ಆಕಾಶಕ್ಕೆತ್ತಿ ತೆಗೆದದ್ದು. ಚಾರ್ಮಿನಾರನ್ನು ಹಾಗೆ ತೆಗೆದರೂ ನಾಳೆ ಬೀಳುತ್ತದೆ ಎನ್ನಬೇಕು. ನೀಲಮ್ಮ ನಗಲಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಕಡೆ ಒಲೆ ಹೂಡಲು ತನ್ನಿಂದಾಗದು ಎಂದಳು. ನಾನು ಎದೆ ತಟ್ಟಿಕೊಂಡು, ಓರೆ ಇರುವುದು ಫೋಟೋ, ಮನೆಯಲ್ಲ, ನಾನು ಸರಿಯಾದದ್ದು ತೆಗೆದು ಅವರ ಮುಖಕ್ಕೆ ಹಿಡಿಯುತ್ತೇನೆ ಎಂದೆ. ಅಂದು ಆಕೆ ನನ್ನ ತಾಟಿಗೆ ಕೇಳದೆ ತುಪ್ಪ ಹಾಕಿದಳು.

ಮರುದಿನ ಮುಂಭಾಗದ ಫೋಟೋ ತೆಗೆದು ಪಾಲಿಕೆ ಕಚೇರಿಗೆ ಹೋದೆ. ಅಲ್ಲಿದ್ದವರು ತೆಲುಗಿನ ಒಬ್ಬ ಎಂಜಿನಿಯರ್ ಮೇಡಂ, ವಯಸ್ಸಿನಲ್ಲಿ ನನ್ನ ಮಗಳಂತಿದ್ದರು. ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನಾನು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ದೂರು ಕೊಟ್ಟವನು ನೆಟ್ಟಗಿರುವುದನ್ನು ಓರೆ ಮಾಡಿದ್ದಾನೆ ಅನ್ನುತ್ತೀರಿ, ನೀವು ಓರೆ ಇರುವುದನ್ನು ನೆಟ್ಟಗೆ ಮಾಡುವ ಕಸುಬಿನವರು, ನಾನು ಯಾರನ್ನು ನಂಬಲಿ ಎಂದು ಕೇಳಿದರು. ತಪಾಸಣೆಗೆ ತಾವು ಬರಲು ಸ್ವಲ್ಪ ದಿನ ಆಗುತ್ತದೆ, ಅಷ್ಟರಲ್ಲಿ ಬೇಕಾದರೆ ತೂಗುಗುಂಡು ಇಳಿಬಿಟ್ಟು ನಾಲ್ಕೂ ಕಡೆಯ ಫೋಟೋ ತನ್ನಿ ಎಂದರು. ತೂಗುಗುಂಡು ನಿಮಗೆ ಗೊತ್ತಲ್ಲ, ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆ ಕೆಲಸದ ಗೌಂಡಿಗಳು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು.

ಮೆಟ್ಟಿಲಿಳಿಯುತ್ತ ನನ್ನ ತಲೆಯಲ್ಲಿ ಒಂದೇ ಯೋಚನೆ. ಈಕೆಯೂ ಅಣ್ಣನ ಮಗನ ಕಡೆಯವಳೇ. ನಾಲ್ಕೂ ಕಡೆ ಎಂದು ಅಲೆದಾಡಿಸಿ ಸುಸ್ತು ಮಾಡುವ ಹಂಚಿಕೆ. ಆದರೂ ಬಿಡಲಿಲ್ಲ. ಖಾನಾವಳಿಯಲ್ಲಿ ಉಣ್ಣುತ್ತಿದ್ದ ಮಲ್ಲಪ್ಪ ಎಂಬ ಗೌಂಡಿಯನ್ನು ಕರೆದು, ಮಾಳಿಗೆಯ ಅಂಚಿನಿಂದ ಒಂದು ಕೋಲು ಚಾಚಿ, ಗೋಡೆಗೆ ತಾಗದಂತೆ ಗುಂಡು ಇಳಿಬಿಡಿಸಿದೆ. ಮುಂದೆ ಆಯಿತು, ಎರಡು ಪಕ್ಕ ಆಯಿತು. ಹಿಂದಿನ ಗೋಡೆಗೆ ಮಾತ್ರ ದೂರ ನಿಂತು ನೋಡಲು ಜಾಗವೇ ಇಲ್ಲ. ಪಕ್ಕದ ಸಂದಿಯ ಬಾಯಲ್ಲಿ ನಿಂತು, ಗೋಡೆಯ ಅಂಚೂ ದಾರವೂ ಕಾಣುವಂತೆ ಹೇಗೋ ತೆಗೆದು ಮುಗಿಸಿದೆ.

ಸಂಜೆ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತೆ. ಮುಂಭಾಗದಲ್ಲಿ ಗೋಡೆ ನೆಟ್ಟಗೆ, ದಾರ ನೆಟ್ಟಗೆ. ಪಕ್ಕಗಳೂ ಹಾಗೆಯೇ. ಹಿಂದಿನ ಗೋಡೆಯೂ ಕಂಬದಂತೆ ನೆಟ್ಟಗಿತ್ತು. ದಾರ ಮಾತ್ರ ಓರೆಯಾಗಿತ್ತು, ಕೆಳಗೆ ಯಾರೋ ಗುಂಡನ್ನು ಗೋಡೆಯಿಂದ ಆಚೆಗೆ ಎಳೆದು ಹಿಡಿದಂತೆ.

ಗಾಳಿ ಇರಬೇಕು ಎಂದುಕೊಂಡೆ. ಅಂದು ಎಲೆಯೂ ಅಲ್ಲಾಡಿರಲಿಲ್ಲ. ಹಾಗಾದರೆ ಮಲ್ಲಪ್ಪ? ಅಣ್ಣನ ಮಗ ಅವನನ್ನು ಬುಟ್ಟಿಗೆ ಹಾಕಿಕೊಂಡಿರಬೇಕು. ಗುಂಡಿಗೆ ಕಾಣದಂತೆ ಎಳೆ ಕಟ್ಟಿ ಎಳೆಸಿದ್ದಾನೆ. ಫೋಟೋ ದೊಡ್ಡದು ಮಾಡಿ ಎಳೆ ಹುಡುಕಿದೆ. ಹೆಂಡತಿ ಬಂದು ಏನು ಎಂದು ಕೇಳಿದಳು. ಯಾರೋ ದಾರ ಓರೆ ಮಾಡಿದ್ದಾರೆ ಎಂದೆ. ಆಕೆ ಇಣುಕಿ ನೋಡಿ, ‘ದಾರ ಹೆಂಗ ಓರೆ ಆಗ್ತದ್ರಿ? ಗುಂಡು ತೂಗ್ಲಾಕತ್ತಿದ್ರ ಅದು ನೆಟ್ಟಗs ಇರಬೇಕಲ್ಲ’ ಎಂದು ಹೇಳಿ ಒಗ್ಗರಣೆ ಹಾಕಲು ಹೋದಳು.

ಆಗ ತಲೆಗೆ ಹೊಳೆಯಿತು. ಎಲ್ಲವನ್ನೂ ತಾನಾಗಿ ನೆಟ್ಟಗೆ ಮಾಡಲು ನಾನೇ ಹೇಳಿಟ್ಟಿದ್ದೆನಲ್ಲ, ಕಂಪ್ಯೂಟರು ಗೋಡೆಯನ್ನು ನೋಡಿ, ಓರೆ ಇದೆ ಎಂದು ಅದನ್ನು ನಿಲ್ಲಿಸಿತ್ತು. ಗೋಡೆ ಎದ್ದು ನಿಂತಾಗ ಪಾಪ ದಾರ ಓರೆಯಾಗಿತ್ತು. ಆ ಏರ್ಪಾಡು ತೆಗೆದುಹಾಕಿ ಮೂಲ ಫೋಟೋ ತೆರೆದೆ. ದಾರ ನೆಟ್ಟಗಾಯಿತು. ಗೋಡೆ ಹಿತ್ತಿಲ ಕಡೆಗೆ, ತಗಡಿನ ಮೇಲೆ, ಆ ಜೋಲಿಗಳ ಮೇಲೆ ವಾಲಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿದ್ದಿತ್ತಂತೆ. ಊರಿನವರನ್ನೆಲ್ಲ ಸಂಶಯಪಟ್ಟವನಿಗೆ ನನ್ನ ಯಂತ್ರವನ್ನು, ಗೋಡೆ ಎಂದರೆ ನೆಟ್ಟಗಿರುವುದು ಎಂದು ರೂಢಿಯಾದ ನನ್ನ ಕಣ್ಣನ್ನು ಸಂಶಯಪಡಲು ತೋಚಿರಲಿಲ್ಲ.

ಬೆಳಿಗ್ಗೆ ಫೋಟೋ ಹಿಡಿದು ಖಾನಾವಳಿಗೆ ಹೋದೆ. ದಾರಿಯುದ್ದಕ್ಕೂ ಇನ್ನೊಂದು ಯೋಚನೆಯೂ ಕಾಡಿತು. ಉಳಿದ ಮೂರು ಫೋಟೋ ಕೊಟ್ಟು, ಇದೊಂದನ್ನು ಸಂದಿಯಲ್ಲಿ ಜಾಗ ಸಿಗಲಿಲ್ಲ ಎಂದು ಬಿಟ್ಟರೆ? ನೀಲಮ್ಮನ ಒಲೆ ಉಳಿಯುತ್ತದೆ. ಆದರೆ ಆ ಜೋಲಿಗಳು ಕಣ್ಣ ಮುಂದಿನಿಂದ ಹೋಗಲಿಲ್ಲ. ಆಕೆಗೆ ಎಲ್ಲ ಹೇಳಿದೆ. ಆಕೆ ಫೋಟೋ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

‘ನಿನ್ನಿ ತನಕ ಮನಿ ನೆಟ್ಟಗ ಐತಿ ಅಂತಿದ್ರಿ. ಇವತ್ತು ವಾಲೇತಿ ಅಂತೀರಿ. ಖರೇ ಹೇಳ್ರಿ ಅಣ್ಣಾರ, ನೀವೂ ಆ ಕಡಿ ಆದ್ರೇನು?’

ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು. ನನ್ನ ಹತ್ತಿರವಿದ್ದ ಮಲ್ಲಪ್ಪ ಎದ್ದು ಬೇರೆ ಸಾಲಿಗೆ ಹೋಗಿ ಕೂತ. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಇಷ್ಟು ವರ್ಷ ಆಕೆಯ ಕೈಯ ರೊಟ್ಟಿ ತಿಂದವನು ನಾನು. ಆದರೆ ಆಕೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ, ಇನ್ನೂ ಕೆಟ್ಟದಾಗಿ ಕೇಳುತ್ತಿದ್ದೆ.

‘ನನ್ನ ನಂಬಬ್ಯಾಡ್ರಿ. ಫೋಟೋನೂ ನಂಬಬ್ಯಾಡ್ರಿ. ಹಿತ್ತಲಿಗೆ ಬರ್ರಿ, ನೀವs ನೋಡ್ರಿ’ ಎಂದೆ.

ಆಕೆ ಬಂದಳು. ಮಲ್ಲಪ್ಪನ ಕೈಗೂ ಗುಂಡು ಕೊಡಲಿಲ್ಲ. ತಾನೇ ಮೊಣಕಾಲು ಹಿಡಿದುಕೊಂಡು ಮಾಳಿಗೆ ಹತ್ತಿ, ಕೋಲಿಗೆ ಗುಂಡು ಕಟ್ಟಿ ಇಳಿಬಿಟ್ಟಳು. ಮೇಲೆ ದಾರಕ್ಕೂ ಗೋಡೆಗೂ ನಡುವೆ ತನ್ನ ಬೆರಳಿಟ್ಟು ನೋಡಿದಳು. ಮೂರು ಬೆರಳು ಹಿಡಿಯಿತು. ಕೆಳಗಿಳಿದು ಬಂದು ತಗಡು ಸರಿಸಿ, ಗುಂಡು ಅಲ್ಲಾಡುವುದು ನಿಲ್ಲುವವರೆಗೆ ಕಾದು, ಬುಡದಲ್ಲಿ ಅದೇ ಕೈ ಇಟ್ಟಳು. ಮೂರು ಬೆರಳು ಹೋಯಿತು, ಅಂಗೈ ಹೋಯಿತು. ಕೈ ಅಗಲಿಸಿ ಗೇಣು ಹಾಕಿದಳು. ಗೇಣು ಹಾಕಿದರೂ ದಾರ ಮುಟ್ಟಲಿಲ್ಲ.

ಪಕ್ಕದ ಜೋಲಿಯಲ್ಲಿ ಕೂಸೊಂದು ನಿದ್ದೆಯಲ್ಲಿ ಬೆರಳು ಚೀಪುತ್ತಿತ್ತು. ನೀಲಮ್ಮ ಎದ್ದು ಅದನ್ನು ಎತ್ತಿಕೊಂಡು ತಾಯಿಯ ಕೈಗೆ ಕೊಟ್ಟು, ಜೋಲಿ ಬಿಚ್ಚಲು ಹೇಳಿದಳು. ಮಲ್ಲಪ್ಪ ಮೆಲ್ಲಗೆ, ನಾವೇ ಒಳಗಿಂದೊಳಗೆ ಕಂಬದ ಆಸರೆ ಕೊಟ್ಟು ಸುಮ್ಮನಿರೋಣ, ಆಫೀಸಿಗೆ ಈ ಫೋಟೋ ಯಾಕೆ ಎಂದ. ಅವನ ಮಾತಿನಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ, ಅವನ ಸಂಸಾರವೂ ಆ ಹಿಂದಿನ ಕೋಣೆಯಲ್ಲೇ ಇತ್ತು.

‘ಇದರ ಬುಡಕ ಮಕ್ಕಳನ್ನ ಮಲಗಿಸಿ ನಾ ಒಳಗ ರೊಟ್ಟಿ ಬಡೀಲೇನು ಮಲ್ಲಪ್ಪ?’ ಎಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿ, ‘ನಾಕೂ ಕೊಡ್ರಿ ಅಣ್ಣಾರ. ಹೋದ್ರ ಹೋಗವಲ್ದ್ಯಾಕ’ ಎಂದಳು.

ನಾಲ್ಕೂ ಕೊಟ್ಟೆ. ಮೇಡಂ ಹಿಂದಿನ ಗೋಡೆಯ ಫೋಟೋವನ್ನು ಬಹಳ ಹೊತ್ತು ನೋಡಿ, ಇದನ್ನು ನೀವೇ ತಂದಿರಾ ಎಂದು ಎರಡು ಸಲ ಕೇಳಿದರು. ಆದರೂ ಅದನ್ನು ನಂಬಿ ಏನನ್ನೂ ಬರೆಯಲಿಲ್ಲ. ಮರುದಿನವೇ ತಮ್ಮ ಜನರೊಂದಿಗೆ, ತಮ್ಮದೇ ಗುಂಡಿನೊಂದಿಗೆ ಬಂದು ನಾಲ್ಕೂ ಗೋಡೆ ಅಳೆದರು. ಸಂಶಯದಲ್ಲಿ ನನಗಿಂತ ಒಂದು ಕೈ ಮೇಲು ಎಂದು ಆಗ ಅವರ ಮೇಲೆ ಗೌರವ ಬಂತು. ಅವರು ಯಾರ ಕಡೆಯವರೂ ಆಗಿರಲಿಲ್ಲ. ಹಿಂಭಾಗ ಕೂಡಲೇ ಖಾಲಿ ಮಾಡಿ ಇಳಿಸಬೇಕು, ಮುಂಭಾಗ ಗಟ್ಟಿಯಾಗಿದೆ, ದುರಸ್ತಿ ಮಾಡಿಕೊಂಡು ಇರಬಹುದು ಎಂದು ಆದೇಶವಾಯಿತು. ಪೂರ್ತಿ ಮನೆ ನೆಲಕ್ಕೆ ಬೀಳುತ್ತದೆ ಎಂದು ಕಾದಿದ್ದ ಅಣ್ಣನ ಮಗನ ಮುಖ ನೋಡುವಂತಿತ್ತು. ಹಿಂದಿನ ಗೋಡೆಯ ವಿಷಯ ಅವನಿಗೆ ಮೊದಲೇ ಗೊತ್ತಿತ್ತೇ, ಗೊತ್ತಿದ್ದೂ ಮಳೆಗಾಲದಲ್ಲಿ ತಾನೇ ಬೀಳಲೆಂದು ಬಿಟ್ಟಿದ್ದನೇ ಎಂಬ ಸಂಶಯ ನನಗೆ ಇಂದಿಗೂ ಇದೆ. ಹೆಂಡತಿ ಮಾತ್ರ, ಅವನು ಹಿತ್ತಲಿಗೆ ಒಂದು ದಿನವೂ ಹೋದವನಲ್ಲ, ಬಿಡ್ರಿ ಎನ್ನುತ್ತಾಳೆ.

ಎಲ್ಲರಿಗೂ ಒಳ್ಳೆಯದಾಯಿತು ಎಂದು ಹೇಳಲಾರೆ. ಹಿಂದಿನ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಹೋದವು. ಮಲ್ಲಪ್ಪ ಸನತ್‌ನಗರದಲ್ಲಿ ಒಂದು ಕೋಣೆ ಹಿಡಿದ, ಉಳಿದವರು ಎಲ್ಲಿಗೆ ಹೋದರೋ ತಿಳಿಯದು. ಆ ಗೋಡೆಯನ್ನು ಇಳಿಸಲು ಮಲ್ಲಪ್ಪನೇ ಬಂದಿದ್ದ. ಎರಡು ಸಾಲು ಕಲ್ಲು ತೆಗೆಯುವಷ್ಟರಲ್ಲಿ ಉಳಿದದ್ದು ಹಿತ್ತಿಲಿಗೆ ತಾನೇ ಜಾರಿ ಬಿತ್ತಂತೆ. ಅವನು ಕೆಲಸ ಬಿಟ್ಟು ನೇರವಾಗಿ ನಮ್ಮ ಮನೆಗೆ ಬಂದು, ಇದನ್ನು ಹೇಳಿ, ಚಹಾ ಕುಡಿದು ಹೋದ. ಬೇರೆ ಸಾಲಿಗೆ ಎದ್ದು ಹೋಗಿ ಕೂತದ್ದರ ಬಗ್ಗೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅದೇ ನನ್ನ ಕೊನೆಯ ಕೆಲಸ. ಈಗ ಕ್ಯಾಮೆರಾ ಕಪಾಟಿನಲ್ಲಿದೆ. ನೀಲಮ್ಮ ಮುಂದಿನ ಕೋಣೆಯಲ್ಲೇ ಒಲೆ ಹೂಡಿದ್ದಾಳೆ, ಮೊದಲಿನ ಅರ್ಧದಷ್ಟು ಜನರಿಗೆ ಮಾತ್ರ ಕೂರಲು ಜಾಗ. ಕಮಾನಿನ ಬಾಗಿಲ ಪಕ್ಕದಲ್ಲಿ ಒಂದು ಮೊಳೆ ಹೊಡೆದು, ತಲೆಯ ಮೇಲಿನಿಂದ ನೆಲದವರೆಗೆ ಮಲ್ಲಪ್ಪನ ಗುಂಡನ್ನು ಇಳಿಬಿಟ್ಟಿದ್ದಾಳೆ. ಬೆಳಿಗ್ಗೆ ಕಸ ಗುಡಿಸಿ ಮೊದಲು ಮೇಲೊಮ್ಮೆ ಕೆಳಗೊಮ್ಮೆ ಬೆರಳಿಟ್ಟು ನೋಡುತ್ತಾಳೆ. ಆಮೇಲೆ ಒಲೆ ಹಚ್ಚುವುದು.

ನಾನು ಊಟಕ್ಕೆ ಹೋದಾಗಲೆಲ್ಲ ಒಳಗಿನಿಂದಲೇ ಕೂಗಿ ಹೇಳುತ್ತಾಳೆ, ‘ನೆಟ್ಟಗ ಐತ್ರಿ ಅಣ್ಣಾರ, ಕೂಡ್ರಿ.’ ನಾನು ಕೂರುವುದಿಲ್ಲ. ಬಾಗಿಲ ಹತ್ತಿರ ಹೋಗಿ ಬಗ್ಗಿ ನನ್ನ ಬೆರಳನ್ನೂ ಇಟ್ಟು ನೋಡುತ್ತೇನೆ. ಆಕೆಗೂ ಅದು ಗೊತ್ತು. ನಾನು ನೋಡಿ ಬರುವ ತನಕ ನನ್ನ ತಾಟಿಗೆ ರೊಟ್ಟಿ ಹಾಕುವುದಿಲ್ಲ.